ಇತರೆ ಎಂಬ ಕಾಲಂ

ಮೂರು ವರ್ಷಗಳ ಹಿಂದಿನ ಒಂದು ನವೆಂಬರ್ ಮಧ್ಯಾಹ್ನ, ಹಾಸನದ ಅಂಚಿನಲ್ಲಿರುವ ನಮ್ಮ ಮನೆಯ ಗೇಟಿನ ಮುಂದೆ ಬಡಾವಣೆಯ ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರು ಅಂಗನವಾಡಿ ಕಾರ್ಯಕರ್ತೆಯ ಜೊತೆ ಬಂದು ನಿಂತರು. ಅವರ ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ನಮೂನೆಗಳ ಕಟ್ಟು ಇತ್ತು. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಬಂದಿದ್ದೇವೆ ಎಂದರು. ಆಗ ಹತ್ತು ವರ್ಷದವಳಾಗಿದ್ದ ನನ್ನ ಮಗಳು ಅಂಗಳದಲ್ಲಿ ಕೋಲೊಂದನ್ನು ನೆಟ್ಟು, ಅದರ ನೆರಳಿನ ತುದಿಯನ್ನು ಗಂಟೆಗೊಮ್ಮೆ ಸುಣ್ಣದಿಂದ ಗುರುತು ಮಾಡುತ್ತಿದ್ದಳು. ಶಾಲೆಯ ವೇಳೆಯಲ್ಲಿ ಸಮವಸ್ತ್ರವಿಲ್ಲದೆ ಅಂಗಳದಲ್ಲಿ ಕುಳಿತ ಮಗುವನ್ನು ಕಂಡ ಮೇಲೆ ಅವರು ಕೇಳಲೇಬೇಕಾಗಿದ್ದ ಪ್ರಶ್ನೆಯನ್ನೇ ಕೇಳಿದರು: "ಯಾವ ಸ್ಕೂಲ್ ಪುಟ್ಟಿ?" ಅವಳು ತಲೆಯೆತ್ತದೆ, "ಸ್ಕೂಲಿಗೆ ಹೋಗಲ್ಲ ಮಿಸ್, ಮನೇಲೇ ಕಲೀತೀನಿ" ಎಂದಳು.

ಶಿಕ್ಷಕಿ ಜಗಲಿಯ ಮೇಲೆ ಕುಳಿತು ನಮೂನೆಯನ್ನು ಮಡಿಲಲ್ಲಿಟ್ಟುಕೊಂಡರು. ಮಗು ಶಾಲೆಗೆ ಹೋಗದಿರಲು ಕಾರಣವೇನೆಂದು ಗುರುತಿಸುವ ಒಂದು ಪಟ್ಟಿ ಅದರಲ್ಲಿತ್ತು. ವಲಸೆ, ಬಡತನ, ಮನೆಗೆಲಸ, ತಮ್ಮ ತಂಗಿಯರನ್ನು ನೋಡಿಕೊಳ್ಳುವುದು, ದುಡಿಮೆ, ಬಾಲ್ಯವಿವಾಹ, ಶಾಲೆ ದೂರವಿರುವುದು, ಕಲಿಕೆಯಲ್ಲಿ ನಿರಾಸಕ್ತಿ. ಅವರು ಪೆನ್ನಿನ ತುದಿಯನ್ನು ಒಂದೊಂದರ ಮೇಲೂ ಇಟ್ಟು ನನ್ನ ಮುಖ ನೋಡಿದರು, ನಾನು ಒಂದೊಂದಕ್ಕೂ ಅಲ್ಲವೆಂದು ತಲೆಯಾಡಿಸಿದೆ. ಕೊನೆಗೆ ಪೆನ್ನು "ಇತರೆ" ಎಂಬಲ್ಲಿ ನಿಂತಿತು. ಅದರ ಮುಂದೆ ಎರಡು ಬೆರಳಿನಷ್ಟು ಖಾಲಿ ಜಾಗ. "ಏನಂತ ಬರೀಲಿ ಮೇಡಂ?" ಎಂದು ಅವರು ಕೇಳಿದ ಪ್ರಶ್ನೆಗೆ ನಾನು ಆ ದಿನ ಕೊಟ್ಟ ಉತ್ತರ "ಮನೆಶಿಕ್ಷಣ" ಎಂಬ ಒಂದು ಪದ. ಅಂದಿನಿಂದಲೂ ನಾನು ಮನಸ್ಸಿನಲ್ಲಿ ಆ ಪ್ರಶ್ನೆಗೆ ಉತ್ತರ ಬರೆಯುತ್ತಲೇ ಇದ್ದೇನೆ.

ನಾವು ಮನೆಶಿಕ್ಷಣಕ್ಕೆ ಸಿದ್ಧಾಂತವೊಂದನ್ನು ಹಿಡಿದು ಬಂದವರಲ್ಲ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಮಗಳು ಎರಡನೇ ತರಗತಿಯಲ್ಲಿದ್ದಳು. ತರಗತಿಯಲ್ಲಿ ಶೌಚಾಲಯಕ್ಕೆ ಹೋಗಬೇಕೆಂದು ಕೇಳುವುದಕ್ಕೂ ಹೆದರುತ್ತಿದ್ದ ಮಗು ಮನೆಯಲ್ಲಿ ಉಳಿದ ತಿಂಗಳುಗಳಲ್ಲಿ ಮಾತಾಡತೊಡಗಿತು, ಓದತೊಡಗಿತು, ಪ್ರಶ್ನೆ ಕೇಳಿ ತಲೆ ತಿನ್ನತೊಡಗಿತು. ಸರ್ಕಾರ ವಿದ್ಯಾಗಮ ಕಾರ್ಯಕ್ರಮದ ಮೂಲಕ ಶಿಕ್ಷಕರನ್ನು ಊರಿನ ಜಗಲಿಗಳಿಗೆ, ಮರದ ನೆರಳಿಗೆ ಕಳಿಸುತ್ತಿದ್ದ ಕಾಲ ಅದು. ಕಲಿಕೆ ಶಾಲೆಯ ಗೋಡೆಯ ಹೊರಗೂ ನಡೆಯಬಲ್ಲದೆಂದು ಆಗ ಇಡೀ ರಾಜ್ಯಕ್ಕೆ ಗೊತ್ತಾಯಿತು. ಮೊಬೈಲ್ ಇಲ್ಲದ ಮನೆಗಳಲ್ಲಿ ಗೋಡೆಯ ಹೊರಗೆ ಏನೂ ನಡೆಯುವುದಿಲ್ಲವೆಂಬುದೂ ಅಷ್ಟೇ ಸ್ಪಷ್ಟವಾಗಿ ಗೊತ್ತಾಯಿತು. ಶಾಲೆಗಳು ಮತ್ತೆ ತೆರೆದಾಗ ಒಂದು ವರ್ಷ ನೋಡೋಣವೆಂದು ಅವಳನ್ನು ಮನೆಯಲ್ಲೇ ಉಳಿಸಿಕೊಂಡೆವು. ಪಿಯು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ನಾನು ಕೆಲಸ ಬಿಟ್ಟೆ. ಬಿಡಬಲ್ಲವಳಾಗಿದ್ದೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಮುಂದಿನ ಮಾತೆಲ್ಲ ಅದರ ಮೇಲೆ ನಿಂತಿದೆ.

ಟಿಸಿ ಪಡೆಯಲು ಹೋದ ದಿನ ಶಾಲೆಯ ಗುಮಾಸ್ತರು ಕಂಪ್ಯೂಟರಿನ ಮುಂದೆ ಕುಳಿತು, ಯಾವ ಶಾಲೆಗೆ ಸೇರಿಸುತ್ತೀರಿ ಎಂದು ಕೇಳಿದರು. ಯಾವುದಕ್ಕೂ ಇಲ್ಲ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, "ಹಾಗಾದ್ರೆ ಡ್ರಾಪ್ ಬಾಕ್ಸ್‌ನಲ್ಲಿ ಇರ್ತಾಳೆ ಬಿಡಿ" ಎಂದರು. ಸ್ಯಾಟ್ಸ್ ಎಂಬ ಸರ್ಕಾರಿ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಲ್ಲಿ ರಾಜ್ಯದ ಪ್ರತಿ ವಿದ್ಯಾರ್ಥಿಗೂ ಒಂದು ಸಂಖ್ಯೆ ಇರುತ್ತದೆ. ಒಂದು ಶಾಲೆಯಿಂದ ಬಿಡುಗಡೆಯಾದ ಮಗುವಿನ ದಾಖಲೆಯನ್ನು ಇನ್ನೊಂದು ಶಾಲೆ ಎತ್ತಿಕೊಳ್ಳುವವರೆಗೆ ಅದು ಆ ಪೆಟ್ಟಿಗೆಯಲ್ಲೇ ಕಾಯುತ್ತಿರುತ್ತದೆ. ಮನೆಗೆ ಬಂದು ಹೇಳಿದಾಗ ಅತ್ತೆಯವರು, "ಮಗೂನ ಪೆಟ್ಟಿಗೇಲಿ ಹಾಕಿ ಬಂದ್ಯಾ?" ಎಂದು ನಕ್ಕರು. ಆದರೆ ಆ ಪೆಟ್ಟಿಗೆಯ ಬಿಸಿ ಆಮೇಲೆ ತಟ್ಟತೊಡಗಿತು. ವಿದ್ಯಾರ್ಥಿ ಬಸ್ ಪಾಸ್ ಸಿಗಲಿಲ್ಲ. ಪ್ರತಿಭಾ ಕಾರಂಜಿಯಲ್ಲಿ ಹಾಡಬೇಕೆಂದು ಅವಳು ಆಸೆಪಟ್ಟಾಗ, ಶಾಲೆಯ ಮೂಲಕವಲ್ಲದೆ ಹೆಸರು ಕೊಡಲು ದಾರಿಯೇ ಇರಲಿಲ್ಲ. ಚಿಕ್ಕ ಸಂಗತಿಗಳು ನಿಜ. ಆದರೂ ಸರ್ಕಾರದ ದೃಷ್ಟಿಯಲ್ಲಿ ಮಗು ಎಂದರೆ ಶಾಲೆಯಲ್ಲಿರುವ ಮಗು ಎಂಬುದನ್ನು ಅವು ಯಾವ ಕಾಯ್ದೆಯ ಪುಸ್ತಕಕ್ಕಿಂತಲೂ ಚೆನ್ನಾಗಿ ತಿಳಿಸಿಕೊಟ್ಟವು.

ಕಾಯ್ದೆಯ ಪುಸ್ತಕವನ್ನೂ ಓದಿದೆ. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆಯ ಹೆಸರಿನಲ್ಲೇ ಎಲ್ಲರನ್ನೂ ತಬ್ಬಿಬ್ಬು ಮಾಡುವ ಪದವಿದೆ: ಕಡ್ಡಾಯ. ಯಾರ ಮೇಲೆ ಕಡ್ಡಾಯ? ಎಂಟನೇ ಸೆಕ್ಷನ್ನಿನ ವಿವರಣೆಯ ಪ್ರಕಾರ ಈ ಕಡ್ಡಾಯ ಸರ್ಕಾರದ ಹೊಣೆ. 6ರಿಂದ 14 ವರ್ಷದೊಳಗಿನ ಪ್ರತಿ ಮಗುವಿಗೂ ಉಚಿತವಾಗಿ ಪ್ರಾಥಮಿಕ ಶಿಕ್ಷಣ ಒದಗಿಸುವುದು, ಮಗು ದಾಖಲಾಗುವಂತೆ, ಹಾಜರಾಗುವಂತೆ, ಎಂಟನೇ ತರಗತಿಯವರೆಗೆ ಓದಿ ಮುಗಿಸುವಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ. ಅಲ್ಲಿಗೇ ನಿಂತಿದ್ದರೆ ನಮಗೆ ನೆಮ್ಮದಿ. ಆದರೆ ಹತ್ತನೇ ಸೆಕ್ಷನ್, ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪ್ರತಿಯೊಬ್ಬ ತಂದೆ, ತಾಯಿ ಅಥವಾ ಪೋಷಕರ ಕರ್ತವ್ಯ ಎನ್ನುತ್ತದೆ. ಸೇರಿಸದಿದ್ದರೆ ಪೋಷಕರಿಗೆ ಏನು ಶಿಕ್ಷೆ ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಮಾನ್ಯತೆಯಿಲ್ಲದೆ ಶಾಲೆ ನಡೆಸುವವರಿಗೆ 1 ಲಕ್ಷ ರೂಪಾಯಿವರೆಗೆ ದಂಡವನ್ನೂ, ಆಮೇಲೂ ಮುಂದುವರಿಸಿದರೆ ದಿನಕ್ಕೆ 10,000 ರೂಪಾಯಿಯನ್ನೂ ಗೊತ್ತುಮಾಡಿರುವ ಕಾಯ್ದೆ ಪೋಷಕರ ವಿಷಯಕ್ಕೆ ಬಂದಾಗ ಬಾಯಿ ಮುಚ್ಚಿಕೊಳ್ಳುತ್ತದೆ.

ಸಂವಿಧಾನದ ಮಾತು ಇನ್ನೂ ಮೆತ್ತಗಿದೆ. 2002ರ 86ನೇ ತಿದ್ದುಪಡಿ ನಾಗರಿಕರ ಮೂಲಭೂತ ಕರ್ತವ್ಯಗಳಿಗೆ ಒಂದು ಸಾಲನ್ನು ಸೇರಿಸಿತು: 6ರಿಂದ 14 ವರ್ಷದ ಮಗುವಿಗೆ ಪೋಷಕರು ಶಿಕ್ಷಣದ ಅವಕಾಶಗಳನ್ನು ಒದಗಿಸಬೇಕು. ಶಾಲೆ ಎಂಬ ಪದ ಆ ಸಾಲಿನಲ್ಲಿ ಇಲ್ಲ. ಸಂವಿಧಾನದಲ್ಲಿ "ಅವಕಾಶ" ಎಂದಿದ್ದುದು ಏಳು ವರ್ಷಗಳಲ್ಲಿ ಕಾಯ್ದೆಯಾಗಿ ಇಳಿಯುವಾಗ "ನೆರೆಹೊರೆ ಶಾಲೆ" ಎಂದಾಯಿತು. ಈ ಎರಡು ಪದಗಳ ನಡುವಿನ ಸಂದಿಯಲ್ಲೇ ದೇಶದ ಮನೆಶಿಕ್ಷಣದ ಕುಟುಂಬಗಳೆಲ್ಲ ಬದುಕುತ್ತಿವೆ.

ಸಂದಿಯೊಳಗೆ ಒಂದಿಷ್ಟು ಬೆಳಕೂ ಬಿದ್ದಿದೆ. ಕಾಯ್ದೆಯ ಸಿಂಧುತ್ವವನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟಿನ 2012ರ ಏಪ್ರಿಲ್‌ನ ತೀರ್ಪಿನಲ್ಲಿ, ಬಹುಮತದಿಂದ ಭಿನ್ನವಾಗಿ ಬರೆದ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಅವರು ಹತ್ತನೇ ಸೆಕ್ಷನ್ನಿನ ಕರ್ತವ್ಯವು ನಿರ್ದೇಶಾತ್ಮಕ ಸ್ವರೂಪದ್ದು, ಅಂದರೆ ಕಟ್ಟುನಿಟ್ಟಿನದಲ್ಲ, ಮಗುವನ್ನು ನೆರೆಹೊರೆಯ ಶಾಲೆಗೇ ಸೇರಿಸಬೇಕೆಂದಿಲ್ಲ, ತಮ್ಮಿಷ್ಟದ ಶಾಲೆಗೆ ಸೇರಿಸಬಹುದು ಎಂದರು. ಅದೇ ವರ್ಷ ಕೇಂದ್ರ ಸರ್ಕಾರ ದೆಹಲಿ ಹೈಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ, ಸ್ವಇಚ್ಛೆಯಿಂದ ಮನೆಶಿಕ್ಷಣವನ್ನು ಆರಿಸಿಕೊಂಡ ಪೋಷಕರು ಅದನ್ನು ಮುಂದುವರಿಸಬಹುದು, ಕಾಯ್ದೆ ಅದಕ್ಕೆ ಅಡ್ಡಬರುವುದಿಲ್ಲ ಎಂದು ತಿಳಿಸಿತು. ಮನೆಶಿಕ್ಷಣದ ಕುಟುಂಬಗಳು ಈ ಪ್ರಮಾಣಪತ್ರದ ಪ್ರತಿಯನ್ನು ಮೊಬೈಲಿನಲ್ಲಿಟ್ಟುಕೊಂಡು ತಿರುಗುತ್ತವೆ, ನಾನೂ ಇಟ್ಟುಕೊಂಡಿದ್ದೇನೆ. ಆದರೆ ಭಿನ್ನಮತದ ತೀರ್ಪು ಕಾನೂನಾಗುವುದಿಲ್ಲ, ಅದರಲ್ಲಿರುವುದೂ ಬೇರೆ ಶಾಲೆಯ ಮಾತೇ ಹೊರತು ಮನೆಯ ಮಾತಲ್ಲ. ಪ್ರಮಾಣಪತ್ರವೂ ಕಾಯ್ದೆಯಲ್ಲ. ಇತಿಹಾಸ ಕಲಿಸಿದವಳಿಗೆ ಇಷ್ಟು ತಿಳಿಯದೇ ಹೋಗುವುದಿಲ್ಲ. ನಮಗೆ ಸಿಕ್ಕಿರುವುದು ಹಕ್ಕಲ್ಲ, ಯಾರೂ ಕೇಳದಿರುವವರೆಗಿನ ಸಲಿಗೆ.

ವಿಚಿತ್ರವೆಂದರೆ ಕಾಯ್ದೆಗೆ ಮನೆಯಲ್ಲಿ ಕಲಿಯುವ ಮಗುವಿನ ಪರಿಚಯವೇ ಇಲ್ಲವೆಂದಲ್ಲ. 2012ರ ತಿದ್ದುಪಡಿಯು ಬಹುವಿಧ ಅಂಗವೈಕಲ್ಯ ಅಥವಾ ತೀವ್ರ ಅಂಗವೈಕಲ್ಯವಿರುವ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣವನ್ನು ಆರಿಸಿಕೊಳ್ಳುವ ಹಕ್ಕನ್ನು ಕೊಟ್ಟಿತು. ಮದರಸಾ, ವೇದಪಾಠಶಾಲೆ ಮತ್ತು ಮುಖ್ಯವಾಗಿ ಧಾರ್ಮಿಕ ಬೋಧನೆ ನೀಡುವ ಸಂಸ್ಥೆಗಳನ್ನು ಅದೇ ತಿದ್ದುಪಡಿ ಕಾಯ್ದೆಯ ವ್ಯಾಪ್ತಿಯಿಂದಲೇ ಹೊರಗಿಟ್ಟಿತು. ಅಂದರೆ ನಡೆಯಲಾರದ ಮಗು ಮನೆಯಲ್ಲಿ ಕಲಿಯಬಹುದು, ಮಂತ್ರವನ್ನೋ ಕುರಾನಿನ ಆಯತನ್ನೋ ಕಲಿಯುವ ಮಗು ಶಾಲೆಯ ಹೊರಗೆ ಕಲಿಯಬಹುದು. ಕೋಲು ನೆಟ್ಟು ನೆರಳು ಅಳೆಯುವ ಮಗುವಿಗೆ ಮಾತ್ರ ಕಾಲಂ ಇಲ್ಲ. ಹೀಗೆ ಬರೆದಾಗ ಇದರಲ್ಲಿ ಒಂದು ಅಳಲಿನ ಧ್ವನಿ ಬರುತ್ತದೆ. ಆದರೆ ನಮ್ಮ ಹಿಂದಿನ ಬೀದಿಯಲ್ಲಿ ಹಾಸಿಗೆ ಹಿಡಿದಿರುವ ಒಬ್ಬ ಹುಡುಗನಿದ್ದಾನೆ. ಅವನಿಗಾಗಿ ತಾಲ್ಲೂಕಿನಿಂದ ವಿಶೇಷ ಅಗತ್ಯದ ಮಕ್ಕಳಿಗೆ ಕಲಿಸುವ ಬಿಐಇಆರ್‌ಟಿ ಶಿಕ್ಷಕರೊಬ್ಬರು ಬರುತ್ತಾರೆ. ಇಡೀ ತಾಲ್ಲೂಕಿಗೆ ಅಂಥವರು ಬೆರಳೆಣಿಕೆಯಷ್ಟು ಮಂದಿ ಮಾತ್ರವಾದ್ದರಿಂದ ಬಂದಾಗ ಬಂದರು, ಇಲ್ಲದಿದ್ದರೆ ಇಲ್ಲ. ಹೆಸರಿರುವ ಕಾಲಂನಲ್ಲಿ ಇರುವವರ ಪಾಡು ಇದು. ಅವನ ತಾಯಿಯ ಮುಂದೆ ನನ್ನ ಅಳಲನ್ನು ಆಡಲು ನನಗೆ ನಾಲಿಗೆ ಏಳುವುದಿಲ್ಲ.

ಇಲ್ಲಿಂದ ಮುಂದೆ ನನ್ನ ಸ್ನೇಹಿತರಿಗೂ ನನಗೂ ದಾರಿ ಕವಲೊಡೆಯುತ್ತದೆ. ಮನೆಶಿಕ್ಷಣದ ಕುಟುಂಬಗಳು ಸೇರಿದಲ್ಲೆಲ್ಲ ಹತ್ತನೇ ಸೆಕ್ಷನ್ನನ್ನು ತೆಗೆದುಹಾಕಬೇಕು ಎಂಬ ಮಾತು ಬರುತ್ತದೆ. ನಾನು ಅದಕ್ಕೆ ಕೈಯೆತ್ತಲಾರೆ. ಆ ಸಾಲು ನನ್ನಂಥವಳಿಗಾಗಿ ಬರೆದದ್ದಲ್ಲ. ರಾಯಚೂರು, ಯಾದಗಿರಿಯ ಕಡೆ ಹತ್ತಿ ಬಿಡಿಸುವ ಕಾಲಕ್ಕೆ ಹೊಲಕ್ಕಿಳಿಯುವ ಹುಡುಗಿಗಾಗಿ, ಇಟ್ಟಿಗೆ ಗೂಡಿನ ಬಳಿ ತಂಗಿಯನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತವಳಿಗಾಗಿ, ಹದಿಮೂರಕ್ಕೇ ಮದುವೆ ಗೊತ್ತಾದವಳಿಗಾಗಿ ಬರೆದದ್ದು. ಅದನ್ನು ಬರೆಯಲು ಈ ದೇಶಕ್ಕೆ ಎಷ್ಟು ಕಾಲ ಹಿಡಿಯಿತು ನೋಡಿ. ಗೋಪಾಲಕೃಷ್ಣ ಗೋಖಲೆಯವರು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಬ್ರಿಟಿಷರ ಶಾಸನಸಭೆಯಲ್ಲಿ ಮಂಡಿಸಿದ್ದು 1911ರಲ್ಲಿ, ಅದು ಬಿದ್ದುಹೋಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಸಂಸ್ಥಾನ 1913ರಲ್ಲಿ ತನ್ನದೇ ಪ್ರಾಥಮಿಕ ಶಿಕ್ಷಣ ಕಾನೂನನ್ನು ತಂದಿತು. ಹತ್ತು ವರ್ಷದೊಳಗೆ 14ರವರೆಗಿನ ಮಕ್ಕಳಿಗೆಲ್ಲ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ರಾಜ್ಯ ಯತ್ನಿಸಬೇಕೆಂದು 1950ರಲ್ಲಿ ಜಾರಿಯಾದ ಸಂವಿಧಾನ ಹೇಳಿತು. ಆ ಹತ್ತು ವರ್ಷ ಅರವತ್ತಾಯಿತು. ಇಷ್ಟು ತಡವಾಗಿ ಬಂದ ಸಾಲಿನಿಂದ ನನ್ನ ಮಗಳೊಬ್ಬಳ ಅನುಕೂಲಕ್ಕಾಗಿ ಒಂದು ಪದವನ್ನು ಕೀಳಿದರೆ, ಕಿತ್ತ ಜಾಗದಲ್ಲಿ ಮೊದಲು ನುಗ್ಗುವವನು ಇಟ್ಟಿಗೆ ಗೂಡಿನ ಮೇಸ್ತ್ರಿ.

ಇದು ಕೇವಲ ಊಹೆಯಲ್ಲ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿ 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿತಾದರೂ, ಮಗು ಶಾಲೆಯ ಅವಧಿಯ ನಂತರ ಅಥವಾ ರಜೆಯಲ್ಲಿ ಮನೆಯವರ ಅಪಾಯಕಾರಿಯಲ್ಲದ ಉದ್ಯಮಕ್ಕೆ ನೆರವಾಗಬಹುದೆಂಬ ವಿನಾಯಿತಿಯನ್ನು ಇಟ್ಟಿತು. ಶಾಲೆಯ ಅವಧಿಯ ನಂತರ! ಶಾಲೆಯೇ ಇಲ್ಲದ ಮಗುವಿಗೆ ಆ ಅವಧಿ ಮುಗಿಯುವುದು ಎಷ್ಟು ಹೊತ್ತಿಗೆ? ಬುಟ್ಟಿ ಹೆಣೆಯುವ ಮನೆಯೊಂದರಲ್ಲಿ "ನಮ್ಮ ಮಗು ಮನೆಶಿಕ್ಷಣದಲ್ಲಿದೆ" ಎಂದು ಹೇಳಿಬಿಟ್ಟರೆ ಕಾರ್ಮಿಕ ಇಲಾಖೆಯ ನಿರೀಕ್ಷಕರು ಗಡಿಯಾರದಲ್ಲಿ ಯಾವ ಗಂಟೆಯನ್ನು ನೋಡಬೇಕು? ಈ ಪ್ರಶ್ನೆ ಎದುರಾದಾಗಲೇ ನನಗೆ ಒಂದು ವಿಷಯ ಹೊಳೆದದ್ದು. ನಮ್ಮ ಕಾನೂನುಗಳಲ್ಲಿ ಶಾಲೆ ಕಲಿಸುವ ಜಾಗ ಮಾತ್ರವಲ್ಲ, ಅದು ಸಾಕ್ಷಿ. ಮಗು ಬದುಕಿದೆ, ಮಧ್ಯಾಹ್ನ ಉಂಡಿದೆ, ಕೂಲಿಗೆ ಹೋಗಿಲ್ಲ, ಮದುವೆಯಾಗಿಲ್ಲ, ಮೈಮೇಲೆ ಬಾಸುಂಡೆ ಇಲ್ಲ ಎಂಬುದಕ್ಕೆಲ್ಲ ಹಾಜರಾತಿ ಪುಸ್ತಕದ ಒಂದು ಗುರುತೇ ಸಾಕ್ಷಿ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಪತ್ರಿಕಾ ವರದಿಯೊಂದನ್ನು ಆಧರಿಸಿ ಶಾಲೆಯಿಂದ ಹೊರಗುಳಿದ ಮಕ್ಕಳ ವಿಚಾರವನ್ನು ತಾನಾಗಿಯೇ ಕೈಗೆತ್ತಿಕೊಂಡ ನಂತರ, ಕಾರಣ ತಿಳಿಸದೆ ಸತತ ಏಳು ದಿನ ಗೈರಾದ ಮಗುವನ್ನೂ ಹೊರಗುಳಿದ ಮಗುವೆಂದು ಎಣಿಸುವ ನಿಯಮ ನಮ್ಮ ರಾಜ್ಯಕ್ಕೆ ಬಂತು. ಏಳು ದಿನ ಎಂದರೆ ಗಣಿತ ಮರೆತುಹೋಗುವ ಅವಧಿಯಲ್ಲ, ಮಗುವೊಂದು ಊರು ಬಿಟ್ಟು ಹೋಗಲು ಸಾಕಾಗುವ ಅವಧಿ.

ಹಾಗಾದರೆ ಮಗುವನ್ನು ಶಾಲೆಯಿಂದ ಬಿಡಿಸಿದಾಗ ನಾನು ಬಿಡಿಸಿದ್ದು ಪಾಠದಿಂದಲ್ಲ, ಸಾಕ್ಷಿಯಿಂದ. ಪಾಠದ ಬದಲಿಗೆ ಪಾಠ ಕೊಟ್ಟಿದ್ದೇನೆಂದು ನನಗೆ ಧೈರ್ಯವಿದೆ. ಸಾಕ್ಷಿಯ ಬದಲಿಗೆ ಏನು ಕೊಟ್ಟಿದ್ದೇನೆ?

ನನ್ನ ತಂಗಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದಾಳೆ. ಅವಳ ಮಕ್ಕಳು ಶಾಲೆಗೇ ಹೋಗುತ್ತಾರೆ, ಆದರೆ ಅವಳ ಪಕ್ಕದ ಮನೆಯವರು ಮೂರು ಮಕ್ಕಳನ್ನು ಮನೆಯಲ್ಲಿ ಓದಿಸುತ್ತಾರೆ. ನಮ್ಮ ಸುದ್ದಿ ತಿಳಿದಾಗ ಅವಳು, "ಅಕ್ಕ, ಇಲ್ಲಿ ಕಾನೂನಿನಲ್ಲೇ ಇದೆ" ಎಂದು ಹೇಳಿದಳು. ನಿಜ, ಇದೆ. 1944ರ ಶಿಕ್ಷಣ ಕಾಯ್ದೆಯ 36ನೇ ಸೆಕ್ಷನ್ನಿನಲ್ಲಿ, ಪೋಷಕರು ಮಗುವಿಗೆ ವಯಸ್ಸು, ಸಾಮರ್ಥ್ಯ, ಒಲವಿಗೆ ತಕ್ಕ ಪೂರ್ಣಾವಧಿ ಶಿಕ್ಷಣವನ್ನು ಶಾಲೆಯ ಹಾಜರಾತಿಯ ಮೂಲಕ "ಅಥವಾ ಬೇರೆ ರೀತಿಯಲ್ಲಿ" ಕೊಡಿಸಬೇಕು ಎಂದಿತ್ತು. 1996ರ ಕಾಯ್ದೆಯ ಏಳನೇ ಸೆಕ್ಷನ್ನಿಗೂ ಅದೇ ಮಾತು ಬಂತು. ಅಲ್ಲಿನ ಮನೆಶಿಕ್ಷಣವೆಲ್ಲ ಈ "ಅಥವಾ ಬೇರೆ ರೀತಿಯಲ್ಲಿ" ಎಂಬುದರ ಮೇಲೆ ನಿಂತಿದೆ. ಒಂದು ರೀತಿಯಲ್ಲಿ ಅದೂ ನಮ್ಮ ನಮೂನೆಯ "ಇತರೆ"ಯೇ. ವ್ಯತ್ಯಾಸವೆಂದರೆ ಅವರ ಇತರೆ ಕಾಯ್ದೆಯ ಒಳಗಿದೆ, ನಮ್ಮದು ಶಿಕ್ಷಕಿಯ ಮಡಿಲಲ್ಲಿನ ಹಾಳೆಯಲ್ಲಿದೆ.

ಆದರೆ ಅಲ್ಲಿಯೂ ಸಾಕ್ಷಿಯ ಪ್ರಶ್ನೆ ಎದುರಾಗದೆ ಉಳಿಯಲಿಲ್ಲ. ಒಮ್ಮೆಯೂ ಶಾಲೆಗೆ ಸೇರದ ಮಗುವಿನ ಬಗ್ಗೆ ಯಾರಿಗೂ ತಿಳಿಸಬೇಕಾದ ಹೊಣೆ ಅಲ್ಲಿನ ಪೋಷಕರ ಮೇಲೆ ಇರಲಿಲ್ಲ. 2009ರಲ್ಲಿ ಗ್ರಹಾಂ ಬ್ಯಾಡ್‌ಮನ್ ಅವರು ಸರ್ಕಾರಕ್ಕೆ ಕೊಟ್ಟ ವರದಿ ಕಡ್ಡಾಯ ನೋಂದಣಿಯನ್ನು ಶಿಫಾರಸು ಮಾಡಿತು. ಪೋಷಕರು ತೀವ್ರವಾಗಿ ವಿರೋಧಿಸಿದರು. ಮರುವರ್ಷ ಚುನಾವಣೆಯ ಹೊಸ್ತಿಲಲ್ಲಿ ಆ ಪ್ರಸ್ತಾಪವನ್ನು ಮಸೂದೆಯಿಂದ ಕೈಬಿಟ್ಟರು. 2023ರ ಆಗಸ್ಟ್‌ನಲ್ಲಿ ವೋಕಿಂಗ್ ಎಂಬ ಊರಿನಲ್ಲಿ ಹತ್ತು ವರ್ಷದ ಬಾಲಕಿಯೊಬ್ಬಳು ತನ್ನ ಮನೆಯಲ್ಲೇ ಹತ್ಯೆಯಾದಳು. ಮನೆಯಲ್ಲಿ ಓದಿಸುತ್ತೇವೆಂದು ಹೇಳಿ ಅವಳನ್ನು ಕೆಲವೇ ತಿಂಗಳ ಹಿಂದೆ ಶಾಲೆಯಿಂದ ಬಿಡಿಸಲಾಗಿತ್ತು. 2024ರ ಡಿಸೆಂಬರ್‌ನಲ್ಲಿ ತಂದೆ ಮತ್ತು ಮಲತಾಯಿಗೆ ಕೊಲೆಗಾಗಿ ಶಿಕ್ಷೆಯಾಯಿತು. ಅದೇ ತಿಂಗಳು ಅಲ್ಲಿನ ಸಂಸತ್ತಿನಲ್ಲಿ ಮಂಡನೆಯಾದ ಮಸೂದೆಯಲ್ಲಿ, ಶಾಲೆಯಲ್ಲಿಲ್ಲದ ಮಕ್ಕಳ ಕಡ್ಡಾಯ ನೋಂದಣಿಯೂ, ಸುರಕ್ಷತೆಯ ಬಗ್ಗೆ ವಿಚಾರಣೆ ನಡೆಯುತ್ತಿರುವ ಮಗುವನ್ನು ಶಾಲೆಯಿಂದ ಬಿಡಿಸಲು ಸ್ಥಳೀಯ ಆಡಳಿತದ ಒಪ್ಪಿಗೆಯೂ ಸೇರಿದ್ದವು. ತಂಗಿಯ ಪಕ್ಕದ ಮನೆಯವರು ಇದನ್ನು ವಿರೋಧಿಸಿ ಸಹಿ ಸಂಗ್ರಹಿಸುತ್ತಿದ್ದರಂತೆ. ಮಕ್ಕಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುವ ನಮ್ಮನ್ನು ಕೊಲೆಗಾರರ ಸಾಲಿನಲ್ಲಿ ನಿಲ್ಲಿಸುತ್ತಾರೆ ಎಂಬುದು ಅವರ ನೋವು. ಆ ನೋವು ನನಗೆ ಅರ್ಥವಾಗುತ್ತದೆ. ಆದರೂ ಆ ಬಾಲಕಿಯ ಪರವಾಗಿ ಯೋಚಿಸಿದಾಗ, ಬಾಗಿಲು ತಟ್ಟುವ ಒಬ್ಬರಾದರೂ ಇರಬೇಕಿತ್ತು ಎಂದೇ ಅನಿಸುತ್ತದೆ. ಜರ್ಮನಿಯಂತೆ ಮನೆಶಿಕ್ಷಣವನ್ನೇ ನಿಷೇಧಿಸುವ ದೇಶಗಳೂ ಇವೆ, 2006ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಅಲ್ಲಿನ ಪೋಷಕರ ದೂರನ್ನು ತಳ್ಳಿಹಾಕಿತು. ಅಷ್ಟು ದೂರ ಹೋಗುವುದು ನನಗೆ ಬೇಡ.

ನನಗೆ ಬೇಕಾದದ್ದು ಒಂದು ಕಾಲಂ. ಸಮೀಕ್ಷೆಯ ನಮೂನೆಯಲ್ಲಿ, ಸ್ಯಾಟ್ಸ್‌ನ ಪರದೆಯ ಮೇಲೆ, ಡ್ರಾಪ್ ಬಾಕ್ಸ್ ಅಲ್ಲದ, ನಿರಾಸಕ್ತಿ ಅಲ್ಲದ ಒಂದು ಹೆಸರು. ಹತ್ತನೇ ಸೆಕ್ಷನ್ ಇದ್ದಂತೆಯೇ ಇರಲಿ, ಅದರ ಕೆಳಗೆ ಒಂದು ವಿನಾಯಿತಿ ಬರಲಿ. ಮನೆಯಲ್ಲಿ ಕಲಿಸುವವರು ವರ್ಷಕ್ಕೊಮ್ಮೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಲಿಖಿತವಾಗಿ ತಿಳಿಸಬೇಕು. ವರ್ಷಕ್ಕೆ ಎರಡು ಬಾರಿ ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಸಿಆರ್‌ಪಿಯೋ ಹತ್ತಿರದ ಶಾಲೆಯ ಶಿಕ್ಷಕರೋ ಬಂದು ಮಗುವಿನೊಂದಿಗೆ, ನಮ್ಮೊಂದಿಗಲ್ಲ, ಮಗುವಿನೊಂದಿಗೆ, ಅರ್ಧ ಗಂಟೆ ಮಾತಾಡಬೇಕು. ಪಠ್ಯಪುಸ್ತಕದ ಎಷ್ಟನೇ ಪಾಠ ಮುಗಿದಿದೆ ಎಂದು ಕೇಳಬಾರದು, ಮಗು ಹೇಗಿದೆ ಎಂದು ನೋಡಬೇಕು. ಬದಲಿಗೆ ಬಸ್ ಪಾಸೂ ಪ್ರತಿಭಾ ಕಾರಂಜಿಯೂ ಸಿಕ್ಕರೆ ಸಂತೋಷ, ಸಿಗದಿದ್ದರೂ ನಡೆಯುತ್ತದೆ.

ಈ ಮಾತನ್ನು ಮನೆಶಿಕ್ಷಣದ ಸ್ನೇಹಿತರ ಮುಂದೆ ಆಡಿದಾಗ ಬೆಂಗಳೂರಿನ ಒಬ್ಬ ತಂದೆ, "ಒಂಟೆಗೆ ಡೇರೆಯೊಳಗೆ ಮೂಗು ಹಾಕೋಕೆ ಬಿಡಿ ಅಂತೀರಲ್ಲ ಮೇಡಂ" ಎಂದು ಮುನಿದರು. ಅವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಇಂದು ತಿಳಿಸಿ ಎನ್ನುವ ಇಲಾಖೆ ನಾಳೆ ಅನುಮತಿ ಪಡೆಯಿರಿ ಎನ್ನುತ್ತದೆ, ನಾಡಿದ್ದು ಪರೀಕ್ಷೆ ಬರೆಸಿ ಎನ್ನುತ್ತದೆ. ಐದು ಮತ್ತು ಎಂಟನೇ ತರಗತಿಯ ಮಕ್ಕಳಿಗೆ ಬೋರ್ಡ್ ಪರೀಕ್ಷೆ ಇದೆಯೋ ಇಲ್ಲವೋ ಎಂದು ನಮ್ಮ ರಾಜ್ಯದಲ್ಲಿ 2023 ಮತ್ತು 2024ರಲ್ಲಿ ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಅಲೆದಾಟವಾದದ್ದನ್ನು, ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು 2025ರ ಏಪ್ರಿಲ್‌ನಲ್ಲಿ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದನ್ನು ನೋಡಿದವರು ಇಲಾಖೆಯ ಕೈಗೆ ಹೊಸ ಹಗ್ಗ ಕೊಡಲು ಹಿಂಜರಿದರೆ ತಪ್ಪೆನ್ನಲಾಗದು. ಕೆಳಹಂತದ ನೌಕರರ ಮರ್ಜಿಯೂ ಒಂದು ವಿಷಯ: ನಮ್ಮ ಮನೆಗೆ ಬಂದ ಶಿಕ್ಷಕಿ ಸಜ್ಜನರು, ಎಲ್ಲೆಡೆ ಹಾಗೆಯೇ ಎಂದು ಹೇಳಲಾರೆ. ಆದರೆ ಆ ತಂದೆಗೆ ನಾನು ಕೇಳಿದ ಪ್ರಶ್ನೆ ಇನ್ನೂ ಉಳಿದಿದೆ. ಯಾರೂ ನೋಡದಿರುವುದು ನನಗೂ ನಿಮಗೂ ಸ್ವಾತಂತ್ರ್ಯ, ಸರಿ. ನಮ್ಮ ಮಕ್ಕಳಿಗೂ ಅದು ಸ್ವಾತಂತ್ರ್ಯವೇ ಎಂಬುದನ್ನು ಅವರ ಪರವಾಗಿ ನಾವೇ ತೀರ್ಮಾನಿಸಬಹುದೆ? ಶಾಲೆಯಲ್ಲಿ ನನ್ನ ಮಗಳು ಶೌಚಾಲಯಕ್ಕೆ ಹೋಗಬೇಕೆಂದು ಕೇಳಲು ಹೆದರುತ್ತಿದ್ದಳೆಂದು ನಾನು ಶಾಲೆಯನ್ನು ದೂರಿದೆ. ನಾನೇ ಟೀಚರ್, ನಾನೇ ಅಮ್ಮ, ನಾನೇ ಹೆಡ್ ಮಿಸ್ ಆಗಿರುವ ಈ ಮನೆಯಲ್ಲಿ ಅವಳಿಗೆ ನನ್ನ ಮೇಲೆ ದೂರಿದ್ದರೆ ಯಾರ ಬಳಿ ಹೇಳಬೇಕು? ಒಮ್ಮೆ ಕೇಳಿಯೇ ಬಿಟ್ಟೆ. ಅವಳು ಯೋಚಿಸಿ, "ಅಜ್ಜಿ ಹತ್ರ" ಎಂದಳು. ನಮಗೆ ಅಜ್ಜಿ ಇದ್ದಾರೆ. ಅಜ್ಜಿಯಿಲ್ಲದ ಮನೆಗಳಿಗೂ ಸೇರಿಸಿ ನಿಯಮ ಮಾಡಬೇಕಾದದ್ದು ಸರ್ಕಾರದ ಕೆಲಸ.

ಕಾಯ್ದೆಗೆ ಒಂದು ಋಣವನ್ನೂ ಸಲ್ಲಿಸಬೇಕು. ನಮ್ಮಂಥವರಿಗೆ ಅದು ಹೊರಗೆ ಹೋಗುವ ಬಾಗಿಲನ್ನು ಇಟ್ಟಿಲ್ಲವಾದರೂ ಒಳಗೆ ಬರುವ ಬಾಗಿಲನ್ನು ಎಂದೂ ಮುಚ್ಚಿಲ್ಲ. ಆರು ವರ್ಷ ದಾಟಿಯೂ ಶಾಲೆಗೆ ಸೇರದ, ಅಥವಾ ನಡುವೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂದು ನಾಲ್ಕನೇ ಸೆಕ್ಷನ್ ಹೇಳುತ್ತದೆ. ಸಮೀಕ್ಷೆಗೆ ಬಂದ ಶಿಕ್ಷಕಿ ಅಂದು ಹೊರಡುವಾಗ, "ಯಾವತ್ತು ಬೇಕಾದ್ರೂ ಬಾ ಪುಟ್ಟಿ, ಐದನೇ ಕ್ಲಾಸಲ್ಲಿ ಜಾಗ ಇದೆ" ಎಂದು ಮಗಳಿಗೆ ಹೇಳಿ ಹೋದರು. ಈಚಿನ ವರ್ಷಗಳಲ್ಲಿ ನಾನು ಕೆಟ್ಟ ದಿನಗಳನ್ನು ಕಳೆದದ್ದು ಆ ಮಾತಿನ ಬಲದಿಂದ. ಅವಳು ಭಿನ್ನರಾಶಿಯ ಮುಂದೆ ಕುಳಿತು ಅತ್ತ ದಿನ, ನಾನು ಕೂಗಾಡಿದ ದಿನ, ಜೊತೆಗಾರರಿಲ್ಲವೆಂದು ಅವಳು ಗೇಟಿಗೆ ಒರಗಿ ನಿಂತ ದಿನ, ಜಾಗ ಇದೆ ಎಂಬುದು ನೆನಪಾಗುತ್ತಿತ್ತು. ಆ ಶಿಕ್ಷಕಿ ಆಮೇಲೆಯೂ ವರ್ಷಕ್ಕೆ ಒಂದೆರಡು ಸಲ ಬಂದು ಅವಳ ಜೊತೆ ಮಾತಾಡಿ, ಕಾಫಿ ಕುಡಿದು ಹೋಗುತ್ತಾರೆ. ಯಾವ ಸುತ್ತೋಲೆಯೂ ಅವರನ್ನು ಕಳಿಸಿದ್ದಲ್ಲ. ನಾನು ಮೇಲೆ ಬೇಡಿದ ನಿಯಮ ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ, ಅವರು ಮಾಡಿ ತೋರಿಸಿದ್ದನ್ನೇ ಬರೆದಿದ್ದೇನೆ.

ಮಗಳಿಗೆ ಇನ್ನು ಕೆಲವು ತಿಂಗಳಲ್ಲಿ 14 ತುಂಬುತ್ತದೆ. ಆಗ ಅವಳು ಶಿಕ್ಷಣ ಹಕ್ಕು ಕಾಯ್ದೆಯ ಹೊಸ್ತಿಲು ದಾಟುತ್ತಾಳೆ, ಎನ್‌ಐಒಎಸ್‌ನ, ಅಂದರೆ ರಾಷ್ಟ್ರೀಯ ಮುಕ್ತ ಶಾಲೆಯ, ಹತ್ತನೇ ತರಗತಿಗೆ ಹೆಸರು ನೋಂದಾಯಿಸಬಹುದು. 1979ರಲ್ಲಿ ಸಿಬಿಎಸ್‌ಇಯ ಒಂದು ಪ್ರಯೋಗವಾಗಿ ಮೊದಲಾಗಿ, 1989ರಲ್ಲಿ ಸ್ವತಂತ್ರ ಸಂಸ್ಥೆಯಾದ ಈ ಮುಕ್ತ ಶಾಲೆಯಲ್ಲಿ ಐದು ವಿಷಯ ಆರಿಸಿಕೊಂಡು, ಐದು ವರ್ಷದೊಳಗೆ ಒಂಬತ್ತು ಅವಕಾಶಗಳಲ್ಲಿ ಪರೀಕ್ಷೆ ಮುಗಿಸಬಹುದು. ಭಾಷೆಯಾಗಿ ಕನ್ನಡವೂ ಇದೆ. ಇಲ್ಲಿ ಓದಿದವರು ವೈದ್ಯಕೀಯ ಪ್ರವೇಶದ ನೀಟ್ ಬರೆಯುವಂತಿಲ್ಲವೆಂದು ತಡೆದಿದ್ದನ್ನು ದೆಹಲಿ ಹೈಕೋರ್ಟ್ 2018ರಲ್ಲಿ ರದ್ದುಮಾಡಿತು ಎಂಬುದನ್ನು ಅತ್ತೆಯವರಿಗೆ ಹೇಳಿದ್ದೇನೆ, ಅವರಿಗೆ ಮೊಮ್ಮಗಳು ಡಾಕ್ಟರಾಗಬೇಕೆಂಬ ಆಸೆ ಇನ್ನೂ ಹೋಗಿಲ್ಲ.

ಮೊನ್ನೆ ರಾತ್ರಿ ಊಟವಾದ ಮೇಲೆ ಅದರ ಪ್ರವೇಶ ನಿಯಮಗಳನ್ನು ಇಬ್ಬರೂ ಕುಳಿತು ಓದಿದೆವು. ಎಂಟನೇ ತರಗತಿ ಪಾಸಾದ ಪ್ರಮಾಣಪತ್ರ ಇಲ್ಲದವರು ಸ್ವಯಂ ಘೋಷಣೆಯೊಂದನ್ನು ಕೊಟ್ಟರೆ ಸಾಕು: ಈ ಹಂತದ ಓದನ್ನು ಕೈಗೊಳ್ಳಲು ಬೇಕಾದಷ್ಟು ನಾನು ಕಲಿತಿದ್ದೇನೆ. ಇಷ್ಟು ವರ್ಷ ನಾನು ತಿರುವಿಹಾಕಿದ ಕಾಯ್ದೆ, ನಿಯಮ, ನಮೂನೆಗಳಲ್ಲೆಲ್ಲ ಮಗುವಿನ ಬಗ್ಗೆ ಮಾತಾಡುವವರು ಬೇರೆಯವರೇ. ಮಗುವಿನ ಮಾತನ್ನೇ ಸಾಕ್ಷಿಯಾಗಿ ತೆಗೆದುಕೊಳ್ಳುವ ಸಾಲನ್ನು ನಾನು ಕಂಡದ್ದು ಇದೊಂದೇ. ನನಗೆ ಗಂಟಲು ಕಟ್ಟಿತು. ಅವಳು ಮಾತ್ರ ಆ ಸಾಲನ್ನು ಎರಡು ಸಲ ಓದಿ, "ಬೇಕಾದಷ್ಟು ಅಂದ್ರೆ ಎಷ್ಟಮ್ಮ?" ಎಂದಳು. ಅದು ನಿನಗೇ ಗೊತ್ತಿರಬೇಕು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಮೊದಲು ಗಣಿತದ ಪುಸ್ತಕ ತರಿಸು, ನೋಡಿ ಆಮೇಲೆ ಸೈನ್ ಹಾಕ್ತೀನಿ" ಎಂದು ಹೇಳಿ ಮಲಗಲು ಎದ್ದುಹೋದಳು.